ತೊಟ್ಟಿಯಕ್ಕನ ಮುಂಜಾವಿನ ನೀರು

ಕಡಲ ಚಿಪ್ಪುಜೀವಿಯಾದ ಸಿಂಪಿಯ ಮರಿಗಳನ್ನು ಸಾಕುವ ಆ ಶೆಡ್ಡಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರಿಲ್ಲ. ಯಜಮಾನರಿಗೂ ಅವಳು ತೊಟ್ಟಿಯಕ್ಕನೇ. ಇಪ್ಪತ್ತಾರು ವರ್ಷಗಳಿಂದ ಹನ್ನೆರಡು ತೊಟ್ಟಿಗಳು ಅವಳ ಉಸ್ತುವಾರಿಯಲ್ಲಿವೆ. ಸಮುದ್ರದ ನೀರನ್ನು ಪಂಪಿನಲ್ಲಿ ಎಳೆದು, ಸೋಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳನ್ನು ಅದರಲ್ಲಿ ಬೆಳೆಸುವುದು ಕೆಲಸ. ಕಲಿಸಿದವರು ಅವಳ ಮಾವ. ದೋಣಿಗಳು ಕಲಕುವ ಮೊದಲು ಮುಂಜಾವಿನ ನೀರನ್ನೇ ತುಂಬಬೇಕು ಎನ್ನುವುದು ಅವರ ಪಾಠ. ಹಿರಿಯರ ಮಾತು ಅಂದರೆ ಅವಳಿಗೆ ಗೀಟು ಎಳೆದ ಹಾಗೆ. ಒಂದು ದಿನವೂ ಮೀರಿದವಳಲ್ಲ.

ಒಂದು ವರ್ಷ ಮರಿಗಳು ಸಾಯತೊಡಗಿದವು. ಹುಟ್ಟಿದ ಎರಡನೆಯ ದಿನಕ್ಕೇ ತೊಟ್ಟಿಯ ತಳದಲ್ಲಿ ಬೂದಿಯಂತೆ ಕೂತಿರುತ್ತಿದ್ದವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಚಿಪ್ಪಿನ ಅಂಚು ಸವೆದು ಸೊಟ್ಟಗಾಗಿತ್ತು.

ತೊಟ್ಟಿ ಉಜ್ಜುವವಳು ಅವಳ ಒಡಹುಟ್ಟಿದ ತಂಗಿ.

"ಸರಿಯಾಗಿ ಉಜ್ಜಿಲ್ಲ ನೀನು. ಪಾಚಿ ಉಳ್ಕೊಂಡು ಕಾಯಿಲೆ ಬಂದಿದೆ."

"ಮೂರು ಮೂರು ಸಲ ಉಜ್ಜಿದ್ದೀನಿ ಅಕ್ಕ. ಬೇಕಾದ್ರೆ ನನ್ನ ಕೈ ನೋಡು."

ಅಕ್ಕ ಕೈ ನೋಡಲಿಲ್ಲ. ಸ್ವಂತ ತಂಗಿಯಾದರೂ ಮುಲಾಜಿಲ್ಲ ಎಂದು ತೋರಿಸಿಕೊಳ್ಳುವ ಚಪಲ ಬೇರೆ ಇತ್ತು. ಯಜಮಾನರಿಗೆ ಹೇಳಿದಳು, ತಂಗಿಯ ಕೆಲಸ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಅದೇ.

ಆಮೇಲೆ ತಾನೇ ಬ್ರಷ್ ಹಿಡಿದಳು. ದಿನ ಬಿಟ್ಟು ದಿನ ಬದಲಿಸುತ್ತಿದ್ದ ನೀರನ್ನು ದಿನಾ ಮುಂಜಾನೆ ಬದಲಿಸಿದಳು. ಮರಿಗಳು ಇನ್ನೂ ಬೇಗ ಸತ್ತವು. ಹನ್ನೆರಡರಲ್ಲಿ ಹತ್ತು ತೊಟ್ಟಿ ಬರಿದಾದಾಗ ಯಜಮಾನರು ನೀರು ಪರೀಕ್ಷಿಸುವ ಹೆಂಗಸೊಬ್ಬಳನ್ನು ಕರೆಸಿದರು. ಅವಳು ಎರಡು ದಿನ ಗಂಟೆಗೊಮ್ಮೆ ನೀರಿನಲ್ಲಿ ಮೀಟರ್ ಅದ್ದಿದಳು.

"ತೊಟ್ಟಿ ಚೊಕ್ಕಟವಾಗಿದೆ, ನೀರೇ ಕೆಟ್ಟಿರೋದು" ಎಂದಳು. "ನಾವು ಸುಡೋ ಎಣ್ಣೆ, ಕಲ್ಲಿದ್ದಲಿನ ಹೊಗೆಯಲ್ಲಿರೋ ಇಂಗಾಲದ ಅನಿಲವನ್ನ ಸಮುದ್ರ ಕುಡೀತಿದೆ. ಕುಡಿದಷ್ಟೂ ನೀರು ಹುಳಿ ಕಡೆಗೆ ವಾಲುತ್ತೆ. ಚಿಪ್ಪು ಕಟ್ಟೋಕೆ ಬೇಕಾದ ಸುಣ್ಣ ಮರಿಗೆ ಸುಲಭವಾಗಿ ಸಿಗಲ್ಲ. ಇರೋ ಶಕ್ತಿಯೆಲ್ಲ ಅದಕ್ಕೇ ಖರ್ಚಾಗಿ ಸಾಯುತ್ತೆ."

"ಬೆಳಗಿನ ನೀರು ಶುದ್ಧ ಅಲ್ವಾ?"

"ಅದೇ ಎಲ್ಲಕ್ಕಿಂತ ಹುಳಿ. ಮೊದಲು ಮರಿಗಳು ತಡ್ಕೊಳ್ಳೋವಷ್ಟಿತ್ತು, ಈಗ ಮೀರಿದೆ. ಕತ್ತಲಲ್ಲಿ ನೀರೊಳಗಿನ ಗಿಡ, ಪಾಚಿ, ಪ್ರಾಣಿ ಎಲ್ಲಾ ಅದೇ ಅನಿಲ ಬಿಡುತ್ತವೆ. ಬಿಸಿಲು ಬಂದ ಮೇಲೆ ಗಿಡಗಳು ಅದನ್ನ ಎಳ್ಕೊಳ್ತವೆ. ಮಧ್ಯಾಹ್ನ ತುಂಬಿಸಿ, ಅಳತೆ ನೋಡಿ ಹುಳಿ ಮುರಿಯೋ ಸೋಡಾ ಪುಡಿ ಒಂಚೂರು ಬೆರೆಸಿ."

ಹಾಗೇ ಮಾಡಿದರು, ಮರಿಗಳು ಉಳಿದವು. ಯಜಮಾನರು ನಕ್ಕರು. ಹೊರಗಿನ ಸಮುದ್ರಕ್ಕೆ ಸೋಡಾ ಬೆರೆಸುವವರು ಯಾರು ಅಂತ ಮೀಟರಿನವಳು ಕೇಳಿದಾಗ ಆ ನಗು ಅರ್ಧಕ್ಕೇ ನಿಂತಿತು. ಅಲ್ಲಿ ಮೀನುಗಳು ತಿಂದು ಬದುಕುವ ಪುಟ್ಟ ಬಸವನಹುಳುಗಳ ಚಿಪ್ಪೂ ಸವೆಯುತ್ತಿದೆಯಂತೆ. ತೊಟ್ಟಿಯಕ್ಕನಿಗೆ ಇದೊಂದೂ ಕಿವಿಗೆ ಬೀಳಲಿಲ್ಲ. ತಾನೇ ದಿನಾ ಬೆಳಗ್ಗೆದ್ದು ಶ್ರದ್ಧೆಯಿಂದ ಮರಿಗಳಿಗೆ ವಿಷ ತುಂಬಿದ್ದಳು. ಶಿಕ್ಷೆ ಮಾತ್ರ ತಂಗಿಗೆ ಆಗಿತ್ತು. ನಾಚಿಕೆಯಿಂದ ಅವಳಿಗೆ ಎರಡು ದಿನ ಅನ್ನ ಸೇರಲಿಲ್ಲ.

ಮೂರನೆಯ ದಿನ ತಂಗಿ ಕೆಲಸ ಮಾಡುತ್ತಿದ್ದ ಇಸ್ತ್ರಿ ಅಂಗಡಿಗೆ ಹೋದಳು. ಎಂಟು ತಿಂಗಳಿಂದ ಇಬ್ಬರಿಗೂ ಮಾತಿರಲಿಲ್ಲ.

"ನಿಂದೇನೂ ತಪ್ಪಿರ್ಲಿಲ್ಲ ಕಣೇ. ನೀರೇ ಹುಳಿಯಾಗಿತ್ತು. ಮೀಟರ್ ಹಾಕಿ ನೋಡಿದ್ರು. ವಾಪಸ್ ಬಾ, ಯಜಮಾನರ ಹತ್ರ ಮಾತಾಡಿದ್ದೀನಿ."

ತಂಗಿ ಅಂಗಿಯ ಕಾಲರ್ ಮಡಿಸಿ, ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟಳು.

"ಮೂರು ಸಲ ಉಜ್ಜಿದ್ದೀನಿ ಅಂತ ನಾನೂ ಹೇಳಿದ್ದೆ. ಮೀಟರ್ ಹೇಳಿದ್ದನ್ನ ಒಂದೇ ಸಲಕ್ಕೆ ನಂಬಿದ್ಯಲ್ಲ ಅಕ್ಕ."

ತಂಗಿ ಮುಂದಿನ ಅಂಗಿ ಎತ್ತಿಕೊಂಡಳು.