ಹರಕೆಯ ಪಿಯೋನಿ

ಜನವರಿಯ ಒಂದು ಬೆಳಿಗ್ಗೆ ಪಕ್ಕದ ಮನೆಯ ಕ್ಯಾರಲ್ ತಮ್ಮ ಪಿಯೋನಿ ಗಿಡದ ಬುಡಕ್ಕೆ ಬಕೆಟ್‌ಗಟ್ಟಲೆ ಐಸು ಸುರಿಯುತ್ತಿದ್ದರು. ಎಪ್ಪತ್ತು ದಾಟಿದ ಹೆಂಗಸು, ಅರಳುಮರುಳಿರಬೇಕು ಎಂದುಕೊಂಡೆ. ನಾವು ದೇಶ ಬಿಟ್ಟು ಸ್ಯಾನ್ ಮಟಿಯೋಗೆ ಬಂದು ಆಗ ಎರಡು ತಿಂಗಳಾಗಿತ್ತು. ಕೇಳಿದರೆ, ಅದು ಚಳಿದೇಶದ ಗಿಡವಂತೆ, ಇಲ್ಲಿನ ಚಳಿ ಅದಕ್ಕೆ ಸಾಲದಂತೆ. ಚಳಿಯಲ್ಲಿ ಚೆನ್ನಾಗಿ ಮಲಗಿ ಎದ್ದರೆ ಮಾತ್ರ ಮೇ ತಿಂಗಳಲ್ಲಿ ಹೂವಂತೆ. ನಮ್ಮ ಮಂಡ್ಯದಲ್ಲಿ ಕಡ್ಡಿ ಚುಚ್ಚಿ ನೀರು ಹಾಕಿದರೆ ಸಾಕು, ದಾಸವಾಳ ಬೇಡವೆಂದರೂ ಹೂ ಬಿಡುತ್ತದೆ.

ಆದರೂ ಆ ಮೇನಲ್ಲಿ ಅವರ ಗಿಡ ನೋಡಿ ಆಸೆಯಾಯಿತು. ಬೊಗಸೆ ತುಂಬುವಂಥ ತಿಳಿಗುಲಾಬಿ ಹೂ. ಪೂಜೆಗೆ ಗ್ರೋಸರಿ ಅಂಗಡಿಯ ಹೂವಿಟ್ಟು ನನಗೆ ಸಾಕಾಗಿತ್ತು. ಕ್ಯಾರಲ್ ಕೊಟ್ಟ ಗೆಡ್ಡೆಯನ್ನು ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ ನೆಟ್ಟು, ಮೊದಲ ಹೂ ಮನೆದೇವರಿಗೆ ಎಂದು ಹರಕೆ ಹೊತ್ತೆ.

ನಾಲ್ಕು ವರ್ಷ ಬರೀ ಎಲೆ! ಫ್ರಿಜ್ಜಿನ ಐಸೆಲ್ಲ ಅದಕ್ಕೇ ಸುರಿದೆ, ಗೊಬ್ಬರ ಹಾಕಿದೆ, ಬೈದೆ. ನಕ್ಕ ಮಗಳು ಸಿರಿಗೂ ಬೈದೆ.

ಕೊನೆಗೆ ತಪ್ಪು ಹಿಡಿದವರು ನನ್ನ ಗಂಡ. "ಅಲ್ಲಾ ಕಣೇ, ಇದೇನು ಕಬ್ಬಾ? ವರ್ಷಾ ವರ್ಷಾ ಹಿಂಗೆ ಮಣ್ಣು ಏರಿಸ್ತಿದೀಯಲ್ಲಾ!"

ನಿಜ. ಅಪ್ಪನ ಗದ್ದೆಯಲ್ಲಿ ಕಬ್ಬಿನ ಬುಡಕ್ಕೆ ಮಣ್ಣು ಏರಿಸಿ ಬೆಳೆದ ಕೈ, ತನ್ನಷ್ಟಕ್ಕೇ ಏರಿಸುತ್ತಿತ್ತು. ಗೆಡ್ಡೆಯ ಕಣ್ಣುಗಳು ಆಳಕ್ಕೆ ಹೋದರೆ ಪಿಯೋನಿ ಹೂ ಬಿಡದು ಎಂದು ಕ್ಯಾರಲ್ ನೆಡುವ ದಿನವೇ ಹೇಳಿದ್ದರು. ನಾನೇ ಮರೆತಿದ್ದೆ. ಅಷ್ಟು ವರ್ಷದ ಐಸು ದಂಡ.

ಮಣ್ಣು ಕೆರೆದು ತೆಗೆದೆ. ಈ ಮೇನಲ್ಲಿ ಒಂದೇ ಒಂದು ಮೊಗ್ಗು ಬಂತು, ಶುಕ್ರವಾರ ಬೆಳಿಗ್ಗೆ ಅರಳಿತು. ತಲೆಗೆ ಸ್ನಾನ ಮಾಡಿ, ಕತ್ತರಿ ಹಿಡಿದು ಹಿತ್ತಲಿಗೆ ಬಂದರೆ ಸಿರಿ ಆಗಲೇ ಕ್ಯಾರಲ್ ಅವರನ್ನು ಕರೆತಂದಿದ್ದಾಳೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಬಗ್ಗಿ, ಹೂವಿಗೆ ಮೂಗಿಟ್ಟು ಉಸಿರೆಳೆದೇಬಿಟ್ಟರು.

ಮೂಸಿದ ಹೂ ದೇವರಿಗಾಗದು. ಅವರಿಗೇನು ಗೊತ್ತು? ಇಲ್ಲಿ ಹೂ ಕಂಡರೆ ಮೊದಲು ಮೂಸುವುದೇ ಮರ್ಯಾದೆ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಯಾರ ಮೇಲೆ ರೇಗುವುದು?

"ಅಮ್ಮಾ, ಯೂ ಸ್ಮೆಲ್ ಇಟ್ ಟೂ, ಬಾ," ಎಂದಳು ಸಿರಿ.

ಗಿಡದ ಮೇಲಿನ ಹೂವನ್ನು ನಾನು ಹುಟ್ಟಿದಾಗಿನಿಂದ ಮೂಸಿದವಳಲ್ಲ. ಕತ್ತರಿಯನ್ನು ಹುಲ್ಲಿನ ಮೇಲಿಟ್ಟು ಬಗ್ಗಿದೆ. ಘಮ್ಮೆಂದಿತು.

ಒಳಗೆ ಬಂದು, ತಪ್ಪಾಯಿತು ಎಂದು ದೇವರಿಗೆ ಕೈ ಮುಗಿದೆ. ಮನಸ್ಸು ಮಾತ್ರ ತಪ್ಪೆಂದು ಒಪ್ಪಲೇ ಇಲ್ಲ.