ಹುಟ್ಟುಹಬ್ಬದ ಪಕ್ಕದ ಮೊಸಳೆ

ಮೊದಲು ಇದನ್ನು ಒಂದು ಮುಂಜಾನೆಯಿಂದ ಆರಂಭಿಸಿದ್ದೆ. ಕಾಳಿ ನದಿಯ ಮೇಲೆ ಮಂಜು, ದಂಡೆಯಲ್ಲಿ ಬಾಯಿ ತೆರೆದು ಬಿದ್ದ ಮೊಸಳೆ, ಪೆನ್ಸಿಲ್ ಹಿಡಿದು ನಿಂತ ನಾನು. ಓದಿ ನೋಡಿ ಹೊಡೆದುಹಾಕಿದೆ. ಆ ಮುಂಜಾನೆ ನಾನು ನದಿಯ ಕಡೆಗೆ ಹೋಗಿರಲೇ ಇಲ್ಲ. ಹಳಿಯಾಳದ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುವ ಮಣೆಯ ಮೇಲೆ ಹಾಳೆ ಇಟ್ಟುಕೊಂಡು, ಫೋನಿನಲ್ಲಿ ಸಿಕ್ಕ ಯಾವುದೋ ದೇಶದ ಮೊಸಳೆಯನ್ನು ನೋಡಿ ಚಿತ್ರ ಬರೆದಿದ್ದೆ. ನೆನಪಿಗೆ ಬಿಟ್ಟರೆ ಅದು ನನ್ನನ್ನು ಯಾವಾಗಲೂ ನದಿಯ ದಂಡೆಗೇ ಒಯ್ದು ನಿಲ್ಲಿಸುತ್ತದೆ. ಅದಕ್ಕೆ ಒಳ್ಳೆಯ ಬೆಳಕು ಬೇಕು.

ನಾನು ಚಿತ್ರಕಲಾ ಮಾಸ್ತರ. ಅಂದರೆ ಗಣಿತದ ಮಾಸ್ತರರು ರಜೆ ಹಾಕಿದ ದಿನ ಮಕ್ಕಳು ಗದ್ದಲ ಮಾಡದಂತೆ ನೋಡಿಕೊಳ್ಳುವವ. ವಾರಕ್ಕೊಮ್ಮೆ ಮಾತ್ರ ನನಗೊಂದು ಬೇರೆ ಉದ್ಯೋಗ. ದಾಂಡೇಲಿಯಿಂದ ಹೊರಡುವ ವಾರಪತ್ರಿಕೆಯೊಂದರ ಮೊದಲ ಪುಟದ ಕೆಳಗಿನ ಬಲಮೂಲೆಯಲ್ಲಿ ವ್ಯಂಗ್ಯಚಿತ್ರದ ಒಂದು ಸಣ್ಣ ಚೌಕ ನನ್ನದು. ಅದರೊಳಗೆ ಏನು ಬರೆಯಬೇಕೆಂದು ಯಾರೂ ಹೇಳುತ್ತಿರಲಿಲ್ಲ. ಶಾಲೆಯಲ್ಲಿ ಮುಖ್ಯಗುರುಗಳು ಹೇಳುತ್ತಾರೆ, ಮನೆಯಲ್ಲಿ ಹೆಂಡತಿ ಹೇಳುತ್ತಾಳೆ, ಬಸ್ಸಿನಲ್ಲಿ ಕಂಡಕ್ಟರ್ ‘ಹಿಂದ ಸರೀರಿ’ ಎನ್ನುತ್ತಾನೆ. ನಾನು ಯಾರ ಮಾತೂ ಕೇಳದೆ ಇರಬಹುದಾಗಿದ್ದ ಜಾಗ ಭೂಮಿಯ ಮೇಲೆ ಅದೊಂದೇ.

ಸಂಪಾದಕ ನನ್ನ ಬಾಲ್ಯದ ಗೆಳೆಯ. ಅವನ ಅಪ್ಪ ಬೆಳಗಾವಿ ಕಡೆಯಿಂದ, ನನ್ನ ಅಪ್ಪ ಧಾರವಾಡ ಕಡೆಯಿಂದ ಕಾಗದದ ಕಾರ್ಖಾನೆಯ ಕೆಲಸಕ್ಕೆ ಬಂದವರು. ಒಂದೇ ಸಾಲಿನ ಮನೆಗಳಲ್ಲಿ ಬೆಳೆದೆವು. ಅಪ್ಪಂದಿರು ಕಾಗದ ಮಾಡಿದರು, ಮಕ್ಕಳು ಅದನ್ನು ಹಾಳು ಮಾಡುತ್ತಿದ್ದಾರೆ ಎಂದು ನನ್ನ ತಾಯಿ ಅನ್ನುತ್ತಿದ್ದಳು. ಅಂದಳೋ, ಅಥವಾ ಅನ್ನಬೇಕಾಗಿತ್ತು ಎಂದು ನಾನೇ ಅವಳ ಬಾಯಿಗೆ ಹಾಕಿದೆನೋ.

ಪತ್ರಿಕೆಯ ಹಣೆಯ ಮೇಲೆ ‘ನಿರ್ಭೀತ’ ಎಂದು ಅಚ್ಚಾಗುತ್ತದೆ. ಉಳಿದ ಜಾಗದಲ್ಲಿ ಹುಟ್ಟುಹಬ್ಬಗಳು ಅಚ್ಚಾಗುತ್ತವೆ. ನಮ್ಮ ಕಡೆಯ ವಾರಪತ್ರಿಕೆಗಳು ಸುದ್ದಿ ತಿಂದು ಬದುಕುವುದಿಲ್ಲ, ಶುಭಾಶಯ ತಿಂದು ಬದುಕುತ್ತವೆ. ನಡುವೆ ನಾಯಕರ ದೊಡ್ಡ ಮುಖ, ಎದೆಯ ಹತ್ತಿರ ಜೋಡಿಸಿದ ಕೈ, ಸುತ್ತಲೂ ಶುಭ ಕೋರುವವರ ತಲೆಗಳು, ಹಂಚಿನಲ್ಲಿ ಹುಯ್ದ ಪಡ್ಡಿನ ಹಾಗೆ. ಗೆಳೆಯ ಒಂದು ನಿಯಮ ಇಟ್ಟುಕೊಂಡಿದ್ದ. ಯಾರ ಹುಟ್ಟುಹಬ್ಬವೋ ಆ ವಾರ ಅವರ ಮೇಲೆ ಟೀಕೆ ಇಲ್ಲ. ಬಹಳ ಮಾನವೀಯವಾದ ನಿಯಮ. ಪತ್ರಿಕೆ ಹೋಗುವ ನಾಲ್ಕು ತಾಲೂಕಿನಲ್ಲಿ ಇಷ್ಟೊಂದು ನಾಯಕರು ಹುಟ್ಟಿರದಿದ್ದರೆ ಟೀಕೆಗೂ ಒಂದೊಂದು ವಾರ ಸಿಗುತ್ತಿತ್ತು.

ಆ ವಾರ ನಾನು ಬರೆದದ್ದು ನದಿಯ ದಂಡೆಯ ಎರಡು ಬೋರ್ಡುಗಳ ಬಗ್ಗೆ. ಒಂದು ‘ಮೊಸಳೆಗಳಿವೆ, ನೀರಿಗೆ ಇಳಿಯಬೇಡಿ’ ಎನ್ನುತ್ತದೆ. ಕೂಗಳತೆಯಲ್ಲಿರುವ ಇನ್ನೊಂದು ‘ಜಲಕ್ರೀಡೆಗೆ ಸುಸ್ವಾಗತ’ ಎನ್ನುತ್ತದೆ. ನಡುವೆ ನನ್ನ ಮೊಸಳೆ ಬಾಲದ ಮೇಲೆ ಎದ್ದು ನಿಂತು, ಕೈ ಜೋಡಿಸಿ, ‘ಬರ್ರಿ, ನಿಮ್ಮನ್ನ ಬಿಟ್ರ ನನಗ ಯಾರದಾರ್ರಿ?’ ಎನ್ನುತ್ತಿತ್ತು. ಸಾಧಾರಣ ದರ್ಜೆಯ ಜೋಕು. ಎರಡು ಗುಟುಕು ಚಹಾದ ನಡುವೆ ನಕ್ಕು ಮರೆಯುವಂಥದ್ದು.

ಆದರೆ ಕೊನೆಯ ಗಳಿಗೆಯಲ್ಲಿ ಒಂದು ಹುಟ್ಟುಹಬ್ಬ ಬಂತು. ಅಧ್ಯಕ್ಷರದು. ಯಾವುದರ ಅಧ್ಯಕ್ಷರು ಎಂದು ಕೇಳಬೇಡಿ; ಕೆಲವು ಸಂಘಗಳು ಅವರು ಅಧ್ಯಕ್ಷರಾಗಲಿ ಎಂದೇ ಹುಟ್ಟಿವೆ. ಒಳಪುಟಗಳು ತುಂಬಿದ್ದವು. ಗೆಳೆಯ ಅಧ್ಯಕ್ಷರನ್ನು ಮೊದಲ ಪುಟಕ್ಕೆ ತಂದು, ಕೆಳಗೆ, ನನ್ನ ಚೌಕಕ್ಕೆ ತಗುಲಿಸಿ ಕೂಡಿಸಿದ. ಎಡಕ್ಕೆ ಕೈ ಜೋಡಿಸಿದ ಅಧ್ಯಕ್ಷರು, ಬಲಕ್ಕೆ ಕೈ ಜೋಡಿಸಿದ ಮೊಸಳೆ, ಕೆಳಗೆ ಇಬ್ಬರಿಗೂ ಸರಿಹೋಗುವ ಒಂದು ಮಾತು.

ನನಗೆ ಇದು ತಿಳಿದದ್ದು ಹಳಿಯಾಳದ ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ. ಅಂಗಡಿಯವ ಒದ್ದೆ ಕೈ ಒರೆಸಿಕೊಂಡು ಬಂದು ನನ್ನ ಕೈ ಹಿಡಿದ.

‘ಮಾಸ್ತರ, ಇಷ್ಟ್ ಧೈರ್ಯಾ ನಿಮ್ಮೊಳಗ ಐತಿ ಅಂತ ಗೊತ್ತಿರಲಿಲ್ಲ ನೋಡ್ರಿ.’

‘ಯಾತರ ಧೈರ್ಯಾನೋ ಮಾರಾಯಾ?’

‘ಹುಟ್ಟಿದ ದಿನಾನ ಹಿಡದು ತಗದಬಿಟ್ರಲ್ರಿ! ಚಷ್ಮಾ ಸೈತ ಬಿಟ್ಟಿಲ್ಲ.’

ಪತ್ರಿಕೆಯನ್ನು ಅವನು ಎರಡೂ ಮುಖಗಳು ಮಾತ್ರ ಕಾಣುವಂತೆ ಮಡಚಿಟ್ಟಿದ್ದ. ನೋಡಿದೆ. ನನ್ನ ಮೊಸಳೆಗೆ ಕನ್ನಡಕ ಇತ್ತು. ಅಧ್ಯಕ್ಷರಿಗೂ ಇತ್ತು. ನಾನು ನೋಡಿ ಬರೆದ ಫೋನಿನ ಮೊಸಳೆಗೆ ಇರಲಿಲ್ಲ. ಹಾಗಾದರೆ ಕನ್ನಡಕ ಎಲ್ಲಿಂದ ಬಂತು? ನನ್ನ ಮನಸ್ಸಿನಲ್ಲಿ ಅವರು ಇರಲಿಲ್ಲ ಎಂದು ಆವತ್ತು ಆಣೆ ಮಾಡಿ ಹೇಳುತ್ತಿದ್ದೆ. ಈಗ ಮಾಡಲಾರೆ. ಕೈಗೆ ತನ್ನದೇ ಅಭಿಪ್ರಾಯಗಳಿರುತ್ತವೆ, ಅದು ನಮ್ಮನ್ನು ಕೇಳುವುದಿಲ್ಲ.

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಎರಡನ್ನೂ ಹೋಲಿಸಿ ನೋಡಿ, ‘ಇಷ್ಟ್ ವರ್ಷದಾಗ ಚಲೋ ಬಂದದ್ದು ಇದೊಂದ. ಅದೂ ನೀವು ತಗದಿದ್ದಲ್ಲ, ತಾನ ಆಗೇತಿ. ಯಾರ ಮುಂದೂ ಹೇಳಬ್ಯಾಡ್ರಿ, ಸುಮ್ಮನ ಕೂಡ್ರಿ’ ಅಂದಳು. ಕಲಾವಿಮರ್ಶೆಯಲ್ಲಿ ನನಗೆ ಅವಳಷ್ಟು ನಂಬಿಕೆ ಬೇರೆ ಯಾರ ಮೇಲೂ ಇಲ್ಲ.

ಸಂಜೆ ದಾಂಡೇಲಿಯಿಂದ ಗೆಳೆಯನ ಫೋನು. ‘ಲೇ, ಬಾ. ಬಳಗದವರು ಕುಂತಾರ.’

ಬಳಗ ಅಂದರೆ ಅಧ್ಯಕ್ಷರ ಅಭಿಮಾನಿ ಬಳಗ. ಹೋದಾಗ ಕಚೇರಿಯ ಎಲ್ಲ ಕುರ್ಚಿಗಳ ಮೇಲೆ ಅವರೇ ಇದ್ದರು. ಬಳಗದ ಕಾರ್ಯದರ್ಶಿ, ಇಸ್ತ್ರಿ ಮುರಿಯದ ಬಿಳಿ ಅಂಗಿಯ ಯುವಕ, ಎದ್ದು ನಿಂತು ನನಗೆ ನಮಸ್ಕಾರ ಮಾಡಿ ಮತ್ತೆ ಅದೇ ಕುರ್ಚಿಯಲ್ಲಿ ಕೂತ. ನಮ್ಮ ಕಡೆಯ ಜನ ಬೈಯುವ ಮುಂಚೆಯೂ ಮರ್ಯಾದೆ ತಪ್ಪುವುದಿಲ್ಲ.

‘ಸರ್, ಭಾವನೆಗೆ ಧಕ್ಕಿ ಆಗೇತ್ರಿ.’

‘ಯಾರ ಭಾವನೆಗ್ರಿ?’

‘ಎಲ್ಲಾರ್ದಕ್ಕೂ. ಮುಂಡಗೋಡದಾಗ ಆಗೇತಿ, ಹಳಿಯಾಳದಾಗ ಆಗೇತಿ. ಜೊಯಿಡಾದಾಗಂತೂ ಕೇಳಬ್ಯಾಡ್ರಿ.’

‘ಜೊಯಿಡಾಕ ಪೇಪರ ಇನ್ನೂ ಮುಟ್ಟಿಲ್ಲಲ್ಲ’ ಎಂದ ಗೆಳೆಯ.

‘ಫೋನ್ ಮುಟ್ಟೇತಲ್ರಿ. ಧಕ್ಕಿ ಮೊದ್ಲ ಹೋಗೇತಿ, ಪೇಪರ ಹಿಂದಿಂದ ಹೋಗ್ತೇತಿ.’

ಅವರ ಬೇಡಿಕೆ ಸಣ್ಣದು. ಮುಂದಿನ ವಾರ ನನ್ನ ಚೌಕದ ಕೆಳಗೆ ಒಂದು ಸಾಲಿನ ಸ್ಪಷ್ಟೀಕರಣ: ಕಳೆದ ವಾರದ ಮೊಸಳೆ ಮಾನ್ಯ ಅಧ್ಯಕ್ಷರಲ್ಲ.

‘ಬರಿಯಂಗಿಲ್ರಿ’ ಅಂದೆ.

‘ಅಂದ್ರ ಆ ಮೊಸಳಿ ಅವರೇ ಅಂತೀರೇನು?’

‘ಹಂಗೂ ಅನ್ನಂಗಿಲ್ರಿ.’

‘ಮತ್ತ ಅಲ್ಲ ಅಂತ ಬರಿಯಾಕ ಏನ್ ತ್ರಾಸ ನಿಮಗ?’

ಗೆಳೆಯ ನನ್ನನ್ನು ಮೆಟ್ಟಿಲ ಬಳಿ ಕರೆದೊಯ್ದ. ‘ಖರೇನ ಅಲ್ಲಲ್ಲೋ ಅದು. ಖರೆ ಬರದ್ರ ನಿನ್ನ ಗಂಟೇನ್ ಹೋಗ್ತೇತಿ?’

ಇದಕ್ಕೆ ನನ್ನಲ್ಲಿ ಒಳ್ಳೆಯ ಉತ್ತರ ಇತ್ತು, ಆದರೆ ಅದು ಹೊಳೆದದ್ದು ವಾಪಸು ಬರುವ ಬಸ್ಸಿನಲ್ಲಿ. ಈ ವಾರ ಮೊಸಳೆ ಅಧ್ಯಕ್ಷರಲ್ಲ ಎಂದು ಬರೆದರೆ, ಮುಂದಿನ ವಾರ ಎಮ್ಮೆ ಉಪಾಧ್ಯಕ್ಷರಲ್ಲ ಎಂದು ಬರೆಯಬೇಕು. ಮಂಗ ಯಾರಲ್ಲ, ಕತ್ತೆ ಯಾರಲ್ಲ ಎಂದು ಬರೆಯುತ್ತಾ ಹೋದರೆ ಚಿತ್ರಕ್ಕೆ ಜಾಗ ಉಳಿಯುವುದಿಲ್ಲ. ಯಾರೋ ಬಂದು ಕುರ್ಚಿಯಲ್ಲಿ ಕೂತ ಮಾತ್ರಕ್ಕೆ ಬರೆದ ಸತ್ಯಕ್ಕೆ ನಮ್ಮ ಊರಿನಲ್ಲಿ ಬೇರೆ ಹೆಸರಿದೆ: ತಪ್ಪೊಪ್ಪಿಗೆ. ಆಗ ಮೆಟ್ಟಿಲ ಮೇಲೆ ನಾನು ಹೇಳಿದ್ದು ಇಷ್ಟೇ: ‘ಅವರ ಕೇಳಿದ್ರು ಅಂತ ಬರಿಯಂಗಿಲ್ಲ.’

‘ಹಂಗಾದ್ರ ಚೌಕ ಉಳಸಾಕ ನನ್ನ ಕೈಲಿ ಆಗಂಗಿಲ್ಲಪಾ. ಅವರ ಬಳಗದವು ವರ್ಷಕ್ಕ ಎಷ್ಟ್ ಹುಟ್ಟುಹಬ್ಬ ಅದಾವ ಗೊತ್ತೈತೇನು?’

ಗೊತ್ತಿತ್ತು. ಬಳಗ ಬೆಳೆಯುತ್ತಲೇ ಇತ್ತು.

ಹಿಂದಿನ ಕಾಲದಲ್ಲಾಗಿದ್ದರೆ ಇಂಥವನಿಗೆ ಹೊಡೆಯುತ್ತಿದ್ದರಂತೆ. ಈಗ ಸುಧಾರಣೆಯಾಗಿದೆ, ಸನ್ಮಾನ ಮಾಡುತ್ತಾರೆ. ಮರುದಿನವೇ ಗೆಳೆಯ ರಾಜಿ ತಂದ. ಸ್ಪಷ್ಟೀಕರಣ ಬೇಡ, ಮುಂಡಗೋಡದಲ್ಲಿ ಅಧ್ಯಕ್ಷರ ಹುಟ್ಟುಹಬ್ಬದ ನಿಮಿತ್ತ ಸಾಧಕರಿಗೆ ಸನ್ಮಾನ ಇದೆ, ಅಲ್ಲಿ ನಾನೂ ಒಬ್ಬ ಸಾಧಕ. ಬಂದು ಶಾಲು ಹೊದೆಸಿಕೊಂಡರೆ ಚೌಕ ನನ್ನದು. ಶಾಲು ಹೊದೆಯುವುದು ಮಾತಾಡಿದಂತಲ್ಲವಲ್ಲ ಎಂದು ಲೆಕ್ಕ ಹಾಕಿ ಒಪ್ಪಿದೆ. ಬಸ್ಸು ಬದಲಿಸಿ ಮುಂಡಗೋಡಕ್ಕೆ ಹೋದೆ. ಸಂತೆಯ ದಿನ. ಮೆಣಸಿನಕಾಯಿ ಚೀಲಗಳ ನಡುವೆ ಕಾಲಿಡಲು ಜಾಗ ಹುಡುಕುತ್ತಾ ಸಾಧಕನೊಬ್ಬ ಸಭಾಭವನಕ್ಕೆ ನಡೆದ.

ವೇದಿಕೆಯ ಮೇಲೆ ನನ್ನ ಪಕ್ಕದಲ್ಲಿ ಚಿಗಳ್ಳಿಯ ರೈತರೊಬ್ಬರು, ಹಣೆಯ ತುಂಬ ವಿಭೂತಿ, ಕೂತಿದ್ದರು.

‘ನಿಮಗ್ಯಾತರ ಸನ್ಮಾನ್ರಿ?’ ಎಂದು ಕೇಳಿದರು.

‘ಚಿತ್ರಾ ತಗದಿದ್ದಕ್ಕರಿ. ನಿಮಗ್ರಿ?’

‘ಭತ್ತಾ ಬೆಳದಿದ್ದಕ್ಕಂತ. ಹೋದ ವರ್ಷ ಕಾಲುವಿ ನೀರ ಬಂದಿಲ್ಲಂತ ಮಂದಿ ಕೂಡಿಸಿ ರಸ್ತಾದಾಗ ಕುಂತಿದ್ನಿ. ಈ ವರ್ಷ ಇಲ್ಲೆ ಕುರ್ಚಿ ಮ್ಯಾಲ ಕುಂತೇನಿ.’

‘ನೀರ ಬಂತೇನ್ರಿ?’

‘ಶಾಲ ಬಂದೇತಲ್ರಿ’ ಎಂದು ನಕ್ಕರು. ಕಾಲುವೆಯ ವಿಷಯ ಮತ್ತೆ ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಆಗ ನನಗೆ ಆ ಸಭೆಯ ಸಾಧಕರ ಸಾಲು ಒಂದು ಬಗೆಯಾಗಿ ಕಾಣತೊಡಗಿತು. ಎಲ್ಲರೂ ಎಂದೋ ಒಂದು ದಿನ ಬಾಯಿ ಬಿಟ್ಟಿದ್ದವರು.

ಶಾಲು ಬಂತು, ಹಾರ ಬಂತು, ಹಣ್ಣಿನ ಬುಟ್ಟಿ ಬಂತು. ಆಮೇಲೆ, ಯಾರೂ ನನಗೆ ಹೇಳದ ಒಂದು ದೊಡ್ಡ ಬಿಳಿ ಹಲಗೆ ಬಂತು. ನಿರೂಪಕರು, ‘ಈಗ ನಮ್ಮ ಹೆಮ್ಮೆಯ ವ್ಯಂಗ್ಯಚಿತ್ರಕಾರರು ಮಾನ್ಯ ಅಧ್ಯಕ್ಷರ ಹಸನ್ಮುಖವನ್ನು ತಮ್ಮೆದುರೇ ಚಿತ್ರಿಸಿ, ಜನರಲ್ಲಿರುವ ತಪ್ಪು ತಿಳುವಳಿಕೆಯನ್ನು ಹೋಗಲಾಡಿಸಲಿದ್ದಾರೆ’ ಎಂದರು. ಚಪ್ಪಾಳೆ. ಅಧ್ಯಕ್ಷರು ನನ್ನ ಕಿವಿಯ ಹತ್ತಿರ ಬಾಗಿ, ‘ಮಾಸ್ತರ, ನನಗೇನ್ ಸಿಟ್ಟಿಲ್ಲ ಮತ್ತ. ಹುಡುಗ್ರು ಕೇಳಂಗಿಲ್ಲ. ಮೂಗ ಸ್ವಲ್ಪ ಸಣ್ಣದ ಮಾಡ್ರಿ’ ಅಂದರು. ಒಳ್ಳೆಯ ಮನುಷ್ಯ. ಅದೇ ತೊಂದರೆ. ದ್ವೇಷಿಸಲು ಅನುಕೂಲವಾದ ಮುಖ ಅವರದಾಗಿರಲಿಲ್ಲ.

ಮುಂದೆ ನಡೆದದ್ದಕ್ಕೆ ನನ್ನ ನೆನಪಿನಲ್ಲಿ ಒಂದು ಭಾಷಣ ಇದೆ. ಮಾತಾಡುವ ಹಕ್ಕು, ನಗುವ ಹಕ್ಕು, ನಗೆಗೆ ಹೆದರುವ ಅಧಿಕಾರ, ಸ್ತಬ್ಧವಾದ ಸಭೆ. ಎರಡು ವರ್ಷ ಅದನ್ನು ನಾನು ಬಂದವರಿಗೆಲ್ಲ ಹೇಳಿದೆ, ಪ್ರತಿ ಸಲ ಸ್ವಲ್ಪ ಉದ್ದವಾಯಿತು. ಆಮೇಲೆ ಯಾರೋ ಆ ಕಾರ್ಯಕ್ರಮದ ವಿಡಿಯೋ ಕಳಿಸಿದರು. ಅದರಲ್ಲಿ ಬುಟ್ಟಿ ಹಿಡಿದ ಸಣ್ಣಗಿನ ಒಬ್ಬ ಮನುಷ್ಯ ಮೈಕಿನ ಮುಂದೆ ಬಂದು, ‘ನಮಸ್ಕಾರ್ರಿ. ಹೇಳಿ ತಗಸಿದ್ರ ನನಗ ಬರಂಗಿಲ್ಲ. ಇವತ್ತ ಇವರ ಹೇಳಿದಂಗ ತಗದ್ರ ನಾಳೆ ಇವರ ಮ್ಯಾಲ ತಗಿಯಾಕ ಬರಂಗಿಲ್ಲ. ಶಾಲ ಹೊದಸಿದ್ದಕ್ಕ ಧನ್ಯವಾದ’ ಎನ್ನುತ್ತಾನೆ. ಮೈಕು ಕುಂಯ್ ಎನ್ನುತ್ತದೆ. ಚಿಗಳ್ಳಿಯ ರೈತರೊಬ್ಬರೇ ಚಪ್ಪಾಳೆ ತಟ್ಟುತ್ತಾರೆ, ಮುಗಿಯಿತೆಂದು ತಿಳಿದೋ ಏನೋ. ಸಭೆ ಸ್ತಬ್ಧವಾಗಿಲ್ಲ, ಹಿಂದಿನ ಸಾಲಿನವರು ಊಟಕ್ಕೆ ಏಳುತ್ತಿದ್ದಾರೆ. ವಿಡಿಯೋ ಬಂದ ಮೇಲೂ ನಾನು ಭಾಷಣವನ್ನು ಪೂರ್ತಿ ಕೈಬಿಟ್ಟಿಲ್ಲ. ಹೊರಗಿನವರು ಬಂದಾಗ ಈಗಲೂ ಅದನ್ನೇ ಹೇಳುತ್ತೇನೆ.

ಬುಟ್ಟಿಯ ಮೋಸಂಬಿ ಬಸ್ಸಿನಲ್ಲೇ ಮುಗಿದವು. ಆ ವಾರ ಪತ್ರಿಕೆ ಬಂದಾಗ ನನ್ನ ಚೌಕದಲ್ಲಿ ಅಧ್ಯಕ್ಷರ ಫೋಟೋ ಇತ್ತು. ಸಂಪೂರ್ಣ ನ್ಯಾಯ: ಅವರ ಮುಖ ಬರೆಯಲೊಲ್ಲೆ ಅಂದವನ ಜಾಗದಲ್ಲಿ ಅವರ ಮುಖವೇ. ಗೆಳೆಯ ಫೋನ್ ಎತ್ತಲಿಲ್ಲ. ಹೆಂಡತಿ, ‘ಇನ್ನ ಮಣಿ ಮ್ಯಾಲ ಚಪಾತಿ ಲಟ್ಟಿಸಬಹುದೇನ್ರಿ?’ ಎಂದು ಕೇಳಿ, ನನ್ನ ಮುಖ ನೋಡಿ, ಆ ದಿನ ಅನ್ನ ಮಾಡಿದಳು.

ಹೀಗೆ ಒಂದು ತಿಂಗಳೋ ಹೆಚ್ಚೋ ನಡೆಯಿತು. ಪ್ರತಿ ವಾರ ಅದೇ ಮೂಲೆಯಲ್ಲಿ ಅಧ್ಯಕ್ಷರು: ಸಸಿ ನೆಡುತ್ತಾ, ರಿಬ್ಬನ್ ಕತ್ತರಿಸುತ್ತಾ, ಮಗುವಿನ ಕೆನ್ನೆ ಹಿಂಡುತ್ತಾ. ಆದರೆ ನಾಲ್ಕು ತಾಲೂಕಿನ ಓದುಗರಿಗೆ ವರ್ಷಗಳಿಂದ ಒಂದು ರೂಢಿ ಬಿದ್ದಿತ್ತು. ಪತ್ರಿಕೆ ಬಿಚ್ಚಿ ಮೊದಲು ಆ ಮೂಲೆ ನೋಡುವುದು, ನೋಡಿ ನಗುವುದು. ಅವರು ರೂಢಿ ಬಿಡಲಿಲ್ಲ. ಚಹಾ ಅಂಗಡಿಯವ ಸಸಿ ನೆಡುವ ಅಧ್ಯಕ್ಷರನ್ನು ತೋರಿಸಿ, ‘ಮಾಸ್ತರ, ಈ ಸಲದ್ದು ಥೇಟ್ ಫೋಟೋ ತಗದಂಗ ಬಂದೇತಿ’ ಅಂದ. ಗೇಲಿಯೋ ಮೆಚ್ಚಿಗೆಯೋ ತಿಳಿಯಲಿಲ್ಲ. ಇದು ನನ್ನದಲ್ಲ ಎನ್ನಲು ಬಾಯಿ ತೆರೆದು ಮುಚ್ಚಿದೆ. ಅದೂ ಒಂದು ಸ್ಪಷ್ಟೀಕರಣವೇ ಆಗುತ್ತಿತ್ತು.

ಕೊನೆಗೆ ಗೆಳೆಯ ಮನೆಗೇ ಬಂದ. ಚಪ್ಪಲಿ ಬಿಡುತ್ತಲೇ, ‘ನಾಳಿಂದ ನಿನ್ನ ಚೌಕ ನಿನಗ. ಅಧ್ಯಕ್ಷರ ಹೇಳ್ಯಾರ’ ಅಂದ.

‘ಯಾಕ? ವಾಕ್ ಸ್ವಾತಂತ್ರ್ಯದ ಮ್ಯಾಲ ಪ್ರೀತಿ ಬಂತೇನು?’

‘ಮಂದಿ ನಗಾಕತ್ತಾರೋ. ಅವರ ಎಲ್ಲೆ ಹೋದ್ರೂ ಮುಖಾ ನೋಡಿ ನಗತಾರಂತ. ಆ ಮೂಲ್ಯಾಗಿಂದ ಮೊದ್ಲ ನನ್ನ ಫೋಟೋ ತಗೀರಿ, ಆ ಮಾಸ್ತರಗ ಹೇಳ್ರಿ, ಏನರ ತಗದು ತುಂಬಲಿ ಅಂದ್ರು. ಮೊಸಳಿ ಒಂದ ಬ್ಯಾಡಂತ.’

‘ಷರತ್ತ ಇದ್ರ ನಾ ಬರಂಗಿಲ್ಲ.’

‘ಷರತ್ತಲ್ಲೋ, ವಿನಂತಿ.’

‘ವಿನಂತಿ ಇದ್ರೂ ಬರಂಗಿಲ್ಲ.’

ಗೆಳೆಯ ನನ್ನ ಹೆಂಡತಿಯ ಮುಖ ನೋಡಿದ. ಅವಳು ಚಹಾ ಕೊಡುತ್ತಾ, ‘ಅಣ್ಣಾರ, ಅವರಿಗೆ ಎಷ್ಟ್ ಹೇಳಿದ್ರೂ ಇಷ್ಟ. ನಾ ಹೇಳೇ ನೋಡೇನಿ’ ಅಂದಳು. ಅವನು ಚಹಾ ಕುಡಿದು, ‘ಹಂಗಾದ್ರ ನಾ ಏನೂ ಹೇಳಿಲ್ಲ, ನೀ ಏನೂ ಕೇಳಿಲ್ಲ. ನಾಳೆ ಸಂಜಿಗೆ ಕಳಸು’ ಎಂದು ಹೋದ. ನಮ್ಮ ಭಾಗದಲ್ಲಿ ಅಭಿವ್ಯಕ್ತಿ ಸ್ವಾತಂತ್ರ್ಯ ಮರುಸ್ಥಾಪನೆಯಾದದ್ದು ಹೀಗೆ.

ಮರುದಿನ ಮಣೆಯ ಮುಂದೆ ಕೂತೆ. ಮೊಸಳೆ ಬರೆದರೆ ಹಟ ಅನ್ನುತ್ತಾರೆ, ಬರೆಯದಿದ್ದರೆ ಹೆದರಿದ ಅನ್ನುತ್ತಾರೆ. ಎಮ್ಮೆ, ಮಂಗ, ಮಂಗಟ್ಟೆ ಹಕ್ಕಿ, ಯಾವ ಪ್ರಾಣಿಗೂ ಇನ್ನು ತನ್ನದೇ ಮುಖ ಉಳಿದಿರಲಿಲ್ಲ. ಕೊನೆಗೆ ಜೊಯಿಡಾದ ಬಸ್ಸಿನ ಬಗ್ಗೆ ಬರೆದೆ. ಬಸ್ಸು ಬರುವುದಿಲ್ಲವಾದ್ದರಿಂದ ಬಸ್ಸು ಬರೆಯಲಿಲ್ಲ. ಒಂದು ಖಾಲಿ ರಸ್ತೆ, ಒಂದು ಖಾಲಿ ನಿಲ್ದಾಣ, ಎರಡೂ ಬದಿ ಗಿಡಮರ. ಮನುಷ್ಯರಿಲ್ಲ, ಪ್ರಾಣಿಯಿಲ್ಲ, ಮಾತಿಲ್ಲ.

ಪತ್ರಿಕೆ ಹೊರಬಂದ ದಿನ ಊಟಕ್ಕೆ ಕೂತಿದ್ದಾಗ ಬಳಗದ ಕಾರ್ಯದರ್ಶಿಯ ಫೋನು ಬಂತು. ಹಿಂದೆ ಇನ್ನೂ ಯಾರ್‍ಯಾರೋ ಮಾತಾಡಿಕೊಳ್ಳುತ್ತಿದ್ದುದು ಕೇಳುತ್ತಿತ್ತು.

‘ಸರ್, ನಮಸ್ಕಾರ್ರಿ. ಊಟಾ ಆತ್ರಿ?’

‘ನಡದೇತ್ರಿ.’

‘ಸರ್, ಚಿತ್ರಾ ಚಲೋ ಬಂದೇತ್ರಿ. ನಾವೆಲ್ಲಾ ಮುಂಜಾನಿಂದ ನೋಡಾಕತ್ತೇವಿ.’ ಅವನು ದನಿ ತಗ್ಗಿಸಿದ. ‘ಇದರಾಗ ನಮ್ಮ ಅಧ್ಯಕ್ಷರು ಯಾವುದ್ರಿ ಸರ್?’

‘ನಾ ಸ್ಪಷ್ಟೀಕರಣ ಕೊಡಂಗಿಲ್ರಿ’ ಎಂದು ಹೇಳಿ ಊಟ ಮುಂದುವರಿಸಿದೆ.