ಕನ್ವೀನರ್ ವನಜಾಕ್ಷಿ ಚೇಚಿ

ಅಂಗನವಾಡಿ ಕಟ್ಟಲು ಗುತ್ತಿಗೆದಾರ ಬೇಡ, ನಾವೇ ಸಮಿತಿ ಮಾಡಿಕೊಂಡು ಕಟ್ಟೋಣ ಎಂದು ನಮ್ಮ ವಾರ್ಡಿನ ಗ್ರಾಮಸಭೆ ತೀರ್ಮಾನಿಸಿತು. ಆದರೆ ಕನ್ವೀನರ್ ಆಗಲು ಯಾರೂ ಮುಂದೆ ಬರಲಿಲ್ಲ. ಪಂಚಾಯತಿಯ ಕರಾರಿಗೆ ಸಹಿ ಹಾಕುವವರು ಕನ್ವೀನರ್. ಕೆಲಸ ಕೆಟ್ಟರೆ ಉತ್ತರ ಹೇಳಬೇಕಾದವರೂ ಅವರೇ. ಗಂಡಸರೆಲ್ಲ ಫ್ಯಾನು ನೋಡುತ್ತ ಕೂತರು.

"ಹಾಗಾದ್ರೆ ನನ್ನ ಹೆಸರು ಬರ್ಕೊಳ್ಳಿ," ಎಂದರು ಪಕ್ಕದ ಮನೆಯ ವನಜಾಕ್ಷಿ ಚೇಚಿ. ನಮ್ಮ ಮಲಯಾಳದಲ್ಲಿ ಚೇಚಿ ಎಂದರೆ ಅಕ್ಕ; ಆದರೂ ಅವರ ಬಾಯಲ್ಲಿ ಕಿರಿಯರೆಲ್ಲ ಮೋನೇ, ಮೋಳೇ, ಅಂದರೆ ಮಗನೇ, ಮಗಳೇ.

ಬೀಡಿ ಸೊಸೈಟಿಯಲ್ಲಿ ಎಲೆ ಕತ್ತರಿಸುತ್ತಲೇ ಅರ್ಧ ಆಯಸ್ಸು ಕಳೆದವರು ಚೇಚಿ. ಯಾರಿಗೂ ಇಲ್ಲ ಎನ್ನಲು ಬಾರದವರು. ಎಲ್ಲರೂ ಅವರನ್ನು ಅಷ್ಟು ಬೇಗ ಒಪ್ಪಿದ್ದು ಅದಕ್ಕೇ ಇರಬೇಕು.

ಪಂಚಾಯತಿಯ ಓವರ್ಸಿಯರ್ ಶಮೀರ್ ಬಂದು ಜಾಗ ಅಳೆದು, ಸುಣ್ಣದ ಗೆರೆ ಎಳೆದು ಹೋದ. ಗೆರೆ ನಮ್ಮ ಕಾಲುದಾರಿಯ ಮೇಲೇ ಬಿದ್ದಿತ್ತು. ರೇಷನ್ ಅಂಗಡಿಗೆ, ಬಸ್ಸಿಗೆ ನಾವೆಲ್ಲ ಹೋಗುತ್ತಿದ್ದುದು ಅದೇ ದಾರಿಯಲ್ಲಿ; ಅದು ಮುಚ್ಚಿದರೆ ಗುಡ್ಡ ಸುತ್ತಿ ಹೋಗಬೇಕು. ವಾರ್ಡಿನ ಹಿರಿಯಜ್ಜಿ ಚಿರುತೇಯಿ ಅಮ್ಮ ಸೊಂಟಕ್ಕೆ ಕೈಯಿಟ್ಟು ಗೆರೆಯ ಮೇಲೆ ನಿಂತರು.

"ಈ ಮಂಡಿ ಇಟ್ಕೊಂಡು ನಾನು ಗುಡ್ಡ ಸುತ್ಬೇಕಾ? ಶಮೀರ ಹೊತ್ಕೊಂಡು ಹೋಗ್ತಾನಂತಾ?"

ಎಲ್ಲರೂ ನಕ್ಕರು. ಕಟ್ಟುವವರು ನಾವೇ, ನಡೆಯುವವರೂ ನಾವೇ. ರಸ್ತೆಯ ಕಡೆಗೆ ಒಂಚೂರು ಸರಿಸಿದರೆ ಏನು ಮಹಾ? ಒಪ್ಪುವವರು ಕೈ ಎತ್ತಿ ಎಂದು ಯಾರೋ ಕೂಗಿದಾಗ ಎಲ್ಲ ಕೈಗಳೂ ಮೇಲೆದ್ದವು, ಚೇಚಿಯದೂ.

ಹಾಗೆ ಸರಿಸಿ ಹಾಕಿದ ತಳಪಾಯ ಮುಗಿದ ಮೇಲೆ ಶಮೀರ್ ಮತ್ತೆ ಟೇಪು ಹಿಡಿದ. ಅವನ ಮುಖ ಬಾಡಿತು.

"ಚೇಚೀ, ಇದೇನ್ ಮಾಡಿದ್ರಿ? ರಸ್ತೆಗೆ ಇಷ್ಟು ಹತ್ರ ಆದ್ರೆ ಕಟ್ಟಡಕ್ಕೆ ಪಂಚಾಯತಿ ನಂಬರೇ ಸಿಗಲ್ಲ. ನಂಬರಿಲ್ದೆ ಅಂಗನವಾಡಿ ನಡೆಸೋ ಹಾಗಿಲ್ಲ."

"ಎಲ್ಲರೂ ಒಪ್ಪಿದ್ರು ಮೋನೇ."

"ಎಲ್ಲರೂ ಒಪ್ಪಿದ್ರೆ ಲಾರಿ ದೂರದಲ್ಲಿ ಹೋಗುತ್ತಾ?"

ಅಂಗನವಾಡಿಯ ಮಕ್ಕಳು ಆಗ ಯಾರದೋ ಮನೆಯ ಜಗಲಿಯಲ್ಲಿ ಕೂರುತ್ತಿದ್ದರು. ಎರಚಲು ಬಡಿದರೆ ಎದ್ದು ಗೋಡೆಗೆ ಅಂಟಿಕೊಳ್ಳುತ್ತಿದ್ದರು. ಚೇಚಿ ಅಲ್ಲಿಗೆ ಹೋಗಿ ನೋಡಿ ಬಂದರು. ಆಮೇಲೆ ಸಮಿತಿಯನ್ನು ತಳಪಾಯದ ಬಳಿಗೇ ಕರೆದರು.

"ವಾರ್ಡ್ ಮೆಂಬರ್ ಹತ್ರ ಒಂದು ಮಾತು ಹೇಳಿಸಿದ್ರೆ ಶಮೀರ ಹೊಂದ್ಕೊಳ್ತಾನೆ," ಎಂದರೊಬ್ಬರು.

"ಹೊಂದ್ಕೋಬಾರ್ದು," ಎಂದರು ಚೇಚಿ. " ನಾನೂ ಕೈ ಎತ್ತಿದ್ದೆ, ಈಗ ಇಳಿಸ್ತಿದ್ದೀನಿ. ಕಲ್ಲು ಕಿತ್ತು ಮೊದಲಿನ ಗೆರೆ ಮೇಲೆ ಹಾಕೋಣ. ದಾರಿ ಮುಚ್ಲಿ."

"ಕನ್ವೀನರ್ ಆದ್ಮೇಲೆ ನಾಲಗೆ ಬಂತಲ್ಲೇ ನಿಂಗೆ!" ಎಂದರು ಚಿರುತೇಯಿ ಅಮ್ಮ.

"ನಿಮ್ಮ ಮರಿಮಗಳೂ ಇಲ್ಲೇ ಕೂರೋದು, ಅಮ್ಮಾ."

"ಅವಳು ಕೂರ್ತಾಳೆ. ನಾನು ಗುಡ್ಡದ ಮೇಲೆ ಬೀಳ್ತೀನಿ."

ಚೇಚಿ ಸೆರಗು ಸಿಕ್ಕಿಸಿಕೊಂಡು ಮೂಲೆಯ ಕಲ್ಲಿಗೆ ಹಾರೆ ಹಾಕಿದರು. ಕೆಲವರು ಕೈಜೋಡಿಸಿದೆವು. ಕೆಲವರಿಗೆ ಅಂದೇ ಮನೆಯಲ್ಲಿ ಕೆಲಸ ನೆನಪಾಯಿತು.

ಕಟ್ಟಡ ಎದ್ದಿತು, ನಂಬರೂ ಬಂತು. ಮಕ್ಕಳು ಒಳಗೆ ಕೂತರು. ಈಗ ಚಿರುತೇಯಿ ಅಮ್ಮ ಬೇಲಿ ಹಿಡಿದು ಗುಡ್ಡ ಸುತ್ತಿ ಬರುತ್ತಾರೆ. ಚೇಚಿಯ ಅಂಗಳದ ಎದುರು ನಿಂತು, ಉಸಿರು ಸಿಕ್ಕಿದ ಮೇಲೆ ಬಯ್ಯುತ್ತಾರೆ. ಚೇಚಿ ಕೆಲಸ ಬಿಟ್ಟು ಕೇಳಿಸಿಕೊಳ್ಳುತ್ತಾರೆ.

"ದಿನಾ ಇದೇ ಆಯ್ತಲ್ಲ, ಏನಾದ್ರೂ ಹೇಳಬಾರ್ದಾ?" ಎಂದು ಒಂದು ದಿನ ಚೇಚಿಯನ್ನು ಕೇಳಿದೆ.

"ಗುತ್ತಿಗೆದಾರ ಆಗಿದ್ರೆ ಬಿಲ್ಲಿನ ದುಡ್ಡು ತಗೊಂಡು ಹೋಗ್ತಿದ್ದ. ನಾನು ಇಲ್ಲೇ ಇರೋಳಲ್ವಾ ಮೋಳೇ. ಅವರ ಮಂಡಿ ನಿಜವಾಗ್ಲೂ ನೋಯುತ್ತೆ."

ಮರುದಿನ ಚೇಚಿಯ ಗೇಟಿನ ಹೊರಗೆ, ನೆರಳಿನಲ್ಲಿ ಒಂದು ಕುರ್ಚಿ ಇತ್ತು. ಚಿರುತೇಯಿ ಅಮ್ಮ ಅದನ್ನು ಒಮ್ಮೆ ಅಲುಗಾಡಿಸಿ ನೋಡಿದರು. ಆಮೇಲೆ ಕೂತುಕೊಂಡೇ ಬಯ್ದರು.